ನೋಡುವುದಕ್ಕೂ ದುಡ್ಡೇ?

ತುಮಕೂರಿನ ಅಂತರಸನಹಳ್ಳಿ ಕಡೆಯ ಒಂದು ಗ್ಯಾರೇಜಿನಲ್ಲಿ ಜಾಬ್ ಕಾರ್ಡ್ ಬರೆಯುವುದು ನನ್ನ ಕೆಲಸ. ಎಲ್ಲ ಕಂಪನಿಯ ಕಾರುಗಳೂ ಬರುತ್ತವೆ. ಗಾಡಿ ತಂದವರ ದೂರು ಬರೆದುಕೊಳ್ಳುವುದು, ಮೆಕ್ಯಾನಿಕ್‌ಗೆ ವಿವರಿಸುವುದು, ಎಸ್ಟಿಮೇಟು ಹೇಳುವುದು, ಸಂಜೆ ಬಿಲ್ಲು ಕೊಟ್ಟು ಮಾತು ಕೇಳುವುದು, ಎಲ್ಲವೂ ಒಂದೇ ಮೇಜಿನಲ್ಲಿ. ನನ್ನ ಕೈಗೆ ಗ್ರೀಸ್ ಅಂಟುವುದಿಲ್ಲ. ಆದರೆ ಒಳಗಿನವರು ಹೊರಗಿನವರನ್ನು ಬೈಯುವುದೂ ಹೊರಗಿನವರು ಒಳಗಿನವರನ್ನು ಬೈಯುವುದೂ ಮೊದಲು ನನ್ನ ಕಿವಿಗೇ ಬೀಳುತ್ತದೆ.

ಜನ ಹೇಳುವಷ್ಟು ಮೋಸ ಗ್ಯಾರೇಜುಗಳಲ್ಲಿ ಇಲ್ಲ ಎಂಬುದು ನನ್ನ ಅನುಭವ. ಹಾಗೆಂದು ಇಲ್ಲವೇ ಇಲ್ಲ ಎನ್ನಲಾರೆ. ಬದಲಾಯಿಸದ ಫಿಲ್ಟರಿಗೆ ಬಿಲ್ಲು ಹಾಕುವವರಿದ್ದಾರೆ, ನಕಲಿ ಬ್ರೇಕ್ ಪ್ಯಾಡಿಗೆ ಅಸಲಿಯ ಬೆಲೆ ವಸೂಲು ಮಾಡುವವರೂ ಇದ್ದಾರೆ. ಆದರೆ ನನ್ನೆದುರು ನಡೆಯುವ ಹೆಚ್ಚಿನ ಜಗಳಗಳ ಬೇರು ಅಲ್ಲಿಲ್ಲ. ದೋಷ ಎಲ್ಲಿದೆ ಎಂದು ಹುಡುಕುವ ಕೆಲಸಕ್ಕೆ ನಮ್ಮಲ್ಲಿ ಬೆಲೆ ಕಟ್ಟಿಲ್ಲ. ಸಾಮಾನಿಗೆ ದುಡ್ಡು ಕೊಡುತ್ತಾರೆ, ಬಿಚ್ಚಿ ಜೋಡಿಸಿದ್ದಕ್ಕೆ ಗೊಣಗಿಕೊಂಡಾದರೂ ಕೊಡುತ್ತಾರೆ. ಅರ್ಧ ದಿನ ಕೂತು ತಲೆ ಕೆಡಿಸಿಕೊಂಡದ್ದಕ್ಕೆ ಮಾತ್ರ ‘ನೋಡುವುದಕ್ಕೂ ದುಡ್ಡೇ?’ ಎಂಬ ಪ್ರಶ್ನೆ ಬರುತ್ತದೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟದ ತುಂಬ ಓಡಾಡಿ ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುವವರಿಗೆ ನೀರು ಬೀಳಲಿ ಬಿಡಲಿ ಕೈಗೆ ದುಡ್ಡಿಟ್ಟು ಕಳಿಸುತ್ತಾರೆ. ಅದೇ ಯಜಮಾನರು ಕಾರಿನ ಕೆಳಗೆ ಮಲಗಿ ಎದ್ದವನಿಗೆ ನಯಾಪೈಸೆ ಕೊಡಲು ಹಿಂದೆಮುಂದೆ ನೋಡುತ್ತಾರೆ.

ಇದರ ಫಲ ಏನಾಗುತ್ತದೆ ಎಂಬುದಕ್ಕೆ ಗುಬ್ಬಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಕಾರನ್ನು ಹೇಳಬೇಕು. ಊರೊಳಗೆ ಓಡಿಸಿದರೆ ಏನೂ ಇಲ್ಲ. ಹೆದ್ದಾರಿಗೆ ಬಿದ್ದು ಅರ್ಧ ಗಂಟೆಯಾದರೆ, ಇಲ್ಲವೇ ದೇವರಾಯನದುರ್ಗದ ಏರು ಹತ್ತಿದರೆ, ಟೆಂಪರೇಚರ್ ಮುಳ್ಳು ಮೇಲಕ್ಕೇರುತ್ತದೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಬೇರೆ ಬೇರೆ ಕಡೆ ಬಿಸಿಗೆ ತಕ್ಕಂತೆ ನೀರು ಬಿಡುವ ಥರ್ಮೋಸ್ಟಾಟ್ ಬದಲಾಗಿತ್ತು, ಆ ನೀರನ್ನು ಎಂಜಿನ್ ಸುತ್ತ ತಿರುಗಿಸುವ ವಾಟರ್ ಪಂಪ್ ಬದಲಾಗಿತ್ತು, ಫ್ಯಾನ್ ಮೋಟರೂ ಹೊಸದಾಗಿತ್ತು. ಪಂಪಿನ ಖಾಲಿ ಡಬ್ಬಿ ಇನ್ನೂ ಡಿಕ್ಕಿಯಲ್ಲೇ ಇತ್ತು. ‘ಮೂವರೂ ಕಳ್ಳರು’ ಎಂದರು ಮೇಷ್ಟ್ರು.

ನಮ್ಮ ಹಿರಿಯ ಮೆಕ್ಯಾನಿಕ್ ಅವರನ್ನು ಗ್ಯಾರೇಜಿನಲ್ಲಿ ಎಲ್ಲರೂ ‘ಭಾಯ್’ ಎಂದೇ ಕರೆಯುತ್ತಾರೆ. ಅವರು ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ. ‘ನಿಂತಾಗ ಬಿಸಿಯಾಗುತ್ತದೆಯೋ, ಓಡುವಾಗಲೋ?’ ಎಂದು ಕೇಳಿದರು. ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಯಾದರೆ ಫ್ಯಾನಿನ ಮೇಲೆ ಅನುಮಾನ ಪಡಬೇಕು. ವೇಗವಾಗಿ ಹೋಗುವಾಗ ಗಾಳಿ ತಾನಾಗಿಯೇ ಬಡಿಯುತ್ತದೆ, ಫ್ಯಾನಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಅಂದರೆ ಈ ಗಾಡಿಯಲ್ಲಿ ಫ್ಯಾನ್ ಮೋಟರ್ ಬದಲಿಸಿದ್ದು ಪೂರ್ತಿ ದಂಡ. ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗೆ ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟಿನ, ಬಣ್ಣವೇ ಇರಲಿಲ್ಲ, ಕೆಮ್ಮಣ್ಣಿನ ನೀರಿತ್ತು. ಎಂಜಿನ್ನಿನ ಮೇಲಿನ ಭಾಗ ಸೋರದಂತೆ ನಡುವೆ ಕೂರಿಸುವ ಹೆಡ್ ಗ್ಯಾಸ್ಕೆಟ್ ಹೋಗಿದೆಯೇ ಎಂದು ತಿಳಿಯಲು ನೀಲಿ ದ್ರವದ ಪರೀಕ್ಷೆ ಮಾಡಿದರು. ಎಂಜಿನ್ನಿನ ಹೊಗೆ ಕೂಲೆಂಟಿಗೆ ನುಗ್ಗುತ್ತಿದ್ದರೆ ಆ ನೀಲಿ ಹಳದಿಗೆ ತಿರುಗುತ್ತದೆ. ತಿರುಗಲಿಲ್ಲ, ಗ್ಯಾಸ್ಕೆಟ್ ಗಟ್ಟಿಯಾಗಿದೆ. ಬಳಿಕ ಎಂಜಿನ್ ಬಿಸಿ ಮಾಡಿ, ಉಷ್ಣತೆ ಅಳೆಯುವ ಗನ್ ಹಿಡಿದು ರೇಡಿಯೇಟರ್ ಮೇಲೆ ಅಡ್ಡಡ್ಡ ಆಡಿಸಿದರು. ಮೇಲ್ಭಾಗ ಸುಡುತ್ತಿದೆ, ಕೆಳಗಿನ ಒಂದು ಮೂಲೆ ತಣ್ಣಗಿದೆ. ಅಲ್ಲಿಯ ಕೊಳವೆಗಳಲ್ಲಿ ನೀರು ಹರಿಯುತ್ತಿಲ್ಲ.

ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಕೂಲೆಂಟ್ ಕಡಿಮೆಯಾದಾಗಲೆಲ್ಲ ಮೇಷ್ಟ್ರ ಮನೆಯಲ್ಲಿ ಬಾಟಲಿಯಲ್ಲಿ ಬೋರ್ ನೀರು ತಂದು ಸುರಿದಿದ್ದರು. ಕೂಲೆಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಇರುತ್ತದೆ, ಅದಕ್ಕೆ ಬೆರೆಸಬೇಕಾದದ್ದು ಡಿಸ್ಟಿಲ್ಡ್ ವಾಟರ್. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಬೆಳಗಿನ ಹೊತ್ತೆಲ್ಲ ಇದಕ್ಕೇ ಹೋಯಿತು. ತಪಾಸಣೆಗೆ ಆರುನೂರು ರೂಪಾಯಿ ಎಂದು ಬರೆದು, ರೇಡಿಯೇಟರಿನ ಎಸ್ಟಿಮೇಟು ಜೊತೆಗಿಟ್ಟೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕೇಳಿದರು: ‘ಸಾಮಾನು ಏನೂ ಹಾಕಿಲ್ಲವಲ್ಲಪ್ಪ, ಈ ಆರುನೂರು ಯಾವುದಕ್ಕೆ?’ ಬೇಕಿಲ್ಲದ ಪಂಪಿಗೆ ಅದರ ಎಷ್ಟೋ ಪಟ್ಟು ಕೊಟ್ಟಾಗ ಅವರು ಈ ಪ್ರಶ್ನೆ ಕೇಳಿರಲಿಲ್ಲ. ಅಲ್ಲಿ ಕೈಗೆ ಒಂದು ಡಬ್ಬಿ ಸಿಕ್ಕಿತ್ತು.

ಆ ಮೂವರು ಕಳ್ಳರೇ? ನನಗೆ ಹಾಗೆನಿಸುವುದಿಲ್ಲ. ವಾಟರ್ ಪಂಪ್ ಕೆಟ್ಟರೂ ಗಾಡಿ ಬಿಸಿಯಾಗುತ್ತದೆ, ಥರ್ಮೋಸ್ಟಾಟ್ ಸಿಕ್ಕಿಕೊಂಡರೂ ಬಿಸಿಯಾಗುತ್ತದೆ. ಅವರು ಊಹೆ ಮಾಡಿದರು. ಪರೀಕ್ಷೆಗೆ ಕೂತರೆ ಬಾಡಿಗೆಗೂ ಹುಡುಗರ ಸಂಬಳಕ್ಕೂ ಹುಟ್ಟುವುದಿಲ್ಲ, ಸಾಮಾನು ಹಾಕಿದರೆ ಹುಟ್ಟುತ್ತದೆ. ಹಾಗಾಗಿ ‘ಇದನ್ನು ಹಾಕಿ ನೋಡೋಣ’ ಎನ್ನುತ್ತಾರೆ. ನೋಡುವ ಖರ್ಚು ಮಾತ್ರ ಗಾಡಿಯ ಯಜಮಾನನದು. ನನ್ನ ಸಿಟ್ಟು ಊಹೆಯ ಮೇಲಲ್ಲ. ಊಹೆಯನ್ನು ಖಚಿತವಾಗಿ ಹೇಳುವುದರ ಮೇಲೆ. ‘ಪಂಪೇ ಇರಬಹುದು, ಗ್ಯಾರಂಟಿ ಇಲ್ಲ’ ಎಂದು ಒಬ್ಬರಾದರೂ ಹೇಳಿದ್ದರೆ ಮೇಷ್ಟ್ರ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ.

ದೊಡ್ಡ ಶೋರೂಮುಗಳಲ್ಲಿ ಹೀಗಿಲ್ಲ ಎಂದುಕೊಳ್ಳಬೇಡಿ. ಮೊದಲು ನಾನು ಒಂದು ಕಂಪನಿ ಸರ್ವೀಸ್ ಸೆಂಟರಿನಲ್ಲಿ ಇದ್ದೆ, ಹೆಸರು ಬೇಡ. ಅಲ್ಲಿ ಎಸಿ ಕೋಣೆ, ಕಾಫಿ ಯಂತ್ರ, ತಿಂಗಳ ಕೊನೆಗೆ ಟಾರ್ಗೆಟ್ ಸಭೆ. ಒಂದೊಂದು ಗಾಡಿಯಿಂದ ಸರಾಸರಿ ಎಷ್ಟು ಬಿಲ್ಲಾಯಿತು ಎಂಬುದರ ಮೇಲೆ ಇನ್ಸೆಂಟಿವ್. ಎಂಜಿನ್ ಫ್ಲಶ್, ಎಸಿ ಡಿಸ್‌ಇನ್ಫೆಕ್ಷನ್, ಕೆಳಭಾಗದ ಕೋಟಿಂಗು, ಇವನ್ನೆಲ್ಲ ಗಾಡಿಗೆ ಬೇಕೋ ಬೇಡವೋ ನೋಡದೆ ಸೇರಿಸಬೇಕು. ಕಂಪನಿ ಕೊಟ್ಟ ಸರ್ವೀಸ್ ಪುಸ್ತಕದಲ್ಲಿ ಇವುಗಳ ಸಾಲೇ ಇಲ್ಲದಿದ್ದರೂ ಸರಿ. ಅಲ್ಲಿನ ಮೆಕ್ಯಾನಿಕ್‌ಗಳು ಒಳ್ಳೆಯ ಕೆಲಸಗಾರರು, ತರಬೇತಿ ಪಡೆದವರು. ಆದರೆ ಹುಡುಕುವುದಕ್ಕೆ ಅವರಿಗೆ ಸಮಯವನ್ನೇ ಕೊಡುತ್ತಿರಲಿಲ್ಲ.

ಈಗ ಗಾಡಿಯ ದೋಷದ ಕೋಡ್ ಓದಿ ತೋರಿಸುವ, ಮೊಬೈಲಿಗೆ ಜೋಡಿಸುವ ಪುಟ್ಟ ಸ್ಕ್ಯಾನರ್ ಬಂದ ಮೇಲೆ ಜಗಳದ ರೂಪ ಬದಲಾಗಿದೆ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಯುವಕನೊಬ್ಬ ಬಂದು ಫೋನ್ ಮುಂದೆ ಹಿಡಿದ. ಪರದೆ ಮೇಲೆ ಪಿ0171. ‘ಆಕ್ಸಿಜನ್ ಸೆನ್ಸರ್ ಹೋಗಿದೆ ಅಣ್ಣ, ವಿಡಿಯೊದಲ್ಲಿ ನೋಡಿದ್ದೇನೆ, ಹಾಕಿಬಿಡಿ.’ ಆ ಕೋಡ್ ಹೇಳುವುದು ಇಷ್ಟೇ: ಎಂಜಿನ್ನಿಗೆ ಹೋಗುತ್ತಿರುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಯಾವ ಸಾಮಾನು ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಗಾಳಿಯ ಕೊಳವೆ ಬಿರುಕು ಬಿಟ್ಟಿರಬಹುದು, ಪೆಟ್ರೋಲ್ ತಳ್ಳುವ ಪಂಪಿನ ಒತ್ತಡ ಇಳಿದಿರಬಹುದು, ಗಾಳಿ ಅಳೆಯುವ ಸೆನ್ಸರಿಗೆ ಧೂಳು ಕೂತಿರಬಹುದು. ಆಕ್ಸಿಜನ್ ಸೆನ್ಸರ್ ಹೆಚ್ಚಿನ ವೇಳೆ ಸುದ್ದಿ ತಂದವನು ಮಾತ್ರ.

ಭಾಯ್ ಎಂಜಿನ್ ಚಾಲೂ ಇಟ್ಟು, ಒಂದೊಂದೇ ಕೊಳವೆಯ ಬಳಿ ಕ್ಲೀನರ್ ಸ್ಪ್ರೇ ಚಿಮ್ಮಿಸಿ ಕಿವಿಗೊಟ್ಟರು. ಒಂದು ಕಡೆ ಚಿಮ್ಮಿಸಿದಾಗ ತೂತಿನಿಂದ ಸ್ಪ್ರೇ ಒಳಗೆ ಸೇರಿ ಎಂಜಿನ್ ಸದ್ದು ಬದಲಾಯಿತು. ಬೆರಳಷ್ಟು ದಪ್ಪದ ರಬ್ಬರ್ ಹೋಸ್, ಅದರ ತಳಭಾಗದಲ್ಲಿ ಇಲಿಯ ಹಲ್ಲಿನ ಗುರುತು. (ಮನೆಯ ಪಕ್ಕದಲ್ಲೇ ಕಡಲೆಕಾಯಿ ಮೂಟೆ ಇಟ್ಟಿದ್ದೆವು ಎಂದು ಆಮೇಲೆ ಹೇಳಿದ.) ಸೆನ್ಸರಿನ ಸಾವಿರಾರು ರೂಪಾಯಿ ಉಳಿಯಿತೆಂದು ಖುಷಿಪಟ್ಟ. ಬಿಲ್ಲು ನೋಡಿದಾಗ ಖುಷಿ ಇಳಿಯಿತು. ಹೋಸಿನ ಬೆಲೆಗಿಂತ ಲೇಬರ್ ಹೆಚ್ಚಿತ್ತು. ‘ಇಷ್ಟು ಸಣ್ಣ ಪೈಪಿಗೆ ಇಷ್ಟೊಂದು ಲೇಬರಾ?’ ಎಂದ. ಅವನು ಕೇಳಿದ ಸೆನ್ಸರನ್ನೇ ಹಾಕಿದ್ದರೆ ಲೇಬರ್ ಸಾಲು ಚಿಕ್ಕದಾಗಿ ಕಾಣುತ್ತಿತ್ತು, ಜಗಳವಿಲ್ಲದೆ ಹೋಗುತ್ತಿದ್ದ, ಎಂಜಿನ್ ದೀಪ ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಇನ್ನೊಂದು ಮಾಮೂಲಿ ದೂರು: ‘ನಿಮ್ಮಲ್ಲಿ ಬಿಟ್ಟ ಮೇಲೆಯೇ ಹೀಗಾದದ್ದು.’ ಕಿಟಕಿ ಗಾಜು ಏರುತ್ತಿಲ್ಲ, ಬಾಗಿಲ ಮೇಲೆ ಗೆರೆ, ಹಾರನ್ ಇಲ್ಲ. ಇದಕ್ಕೆ ಬಾಯಿ ಮಾತಿನಲ್ಲಿ ಉತ್ತರವಿಲ್ಲ. ಗಾಡಿ ಒಳಗೆ ಬರುವಾಗಲೇ ಸುತ್ತ ತಿರುಗಿ ಫೋಟೊ, ಕೀಲಿ ತಿರುಗಿಸಿ ಡ್ಯಾಶ್‌ಬೋರ್ಡ್ ದೀಪಗಳ ಫೋಟೊ, ಕಿಲೋಮೀಟರ್, ಪೆಟ್ರೋಲ್ ಮಟ್ಟ, ನಾಲ್ಕೂ ಗಾಜು ಇಳಿಸಿ ಏರಿಸಿ ನೋಡುವುದು. ದೂರನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ‘ಏರಿನಲ್ಲಿ ಎಳೆಯುವುದಿಲ್ಲ’ ಎಂದರೆ ಅದನ್ನೇ ಬರೆಯಬೇಕು. ನಾನು ಜಾಣತನ ಮಾಡಿ ‘ಕ್ಲಚ್ ಕೆಲಸ’ ಎಂದು ಬರೆದರೆ ಒಳಗಿನವರು ಕ್ಲಚ್ಚನ್ನೇ ಬಿಚ್ಚುತ್ತಾರೆ.

ಗ್ರಾಹಕ ಕೋರ್ಟಿಗೆ ಹೋಗುತ್ತೇನೆ ಎನ್ನುವವರಿಗೆ ನಾನೇ 1915 ಎಂಬ ಗ್ರಾಹಕ ಸಹಾಯವಾಣಿಯ ಸಂಖ್ಯೆ ಹೇಳುತ್ತೇನೆ. ಹಾಗೆ ಹೇಳಿದಾಗ ಅರ್ಧ ಜನ ಕುರ್ಚಿ ಎಳೆದು ಕೂತುಕೊಳ್ಳುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ಆದರೆ ಸೇವೆಯಲ್ಲಿ ಕೊರತೆ ಇತ್ತೆಂದು ತೋರಿಸುವ ಹೊಣೆ ಮೊದಲಿಗೆ ದೂರು ಕೊಟ್ಟವರದೇ. ಅಲ್ಲಿಯೇ ತೊಡಕು. ‘ಜಿಎಸ್‌ಟಿ ಬಿಟ್ಟು ಕೊಡಿ, ಬಿಲ್ಲು ಬೇಡ’ ಎಂದು ಕೈಬರಹದ ಚೀಟಿ ಒಯ್ದವರ ಹತ್ತಿರ ಏನಿರುತ್ತದೆ ತೋರಿಸಲು? 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಆ ನೆಪವೂ ಸಣ್ಣದಾಗಿದೆ. ಹಾಗೆಯೇ ಡಬ್ಬಿಯ ಮೇಲೆ ಮುದ್ರಿಸಿದ ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಸೇರಿಸಿದ ಬಿಲ್ಲು ಕಂಡರೆ ಅಲ್ಲೇ ನಿಂತು ಕೇಳಿ, ನನ್ನ ಮೇಜಿನಲ್ಲಾದರೂ ಸರಿ.

ದುಡ್ಡು ಕೊಡದೆ ಗಾಡಿ ಬಿಡುವುದಿಲ್ಲ ಎಂದಾಗ ‘ಇದು ಗೂಂಡಾಗಿರಿ’ ಎನ್ನುವವರಿದ್ದಾರೆ. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ಒಪ್ಪಿಕೊಂಡ ಕೆಲಸವನ್ನು ಮಾಡಿ ಮುಗಿಸಿದವನಿಗೆ ಅದರ ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕಿದೆ. ಈ ಸೆಕ್ಷನ್ನನ್ನು ಗೋಡೆಗೆ ಅಂಟಿಸುವ ಗ್ಯಾರೇಜಿನವರು ‘ಒಪ್ಪಿಕೊಂಡ’ ಎಂಬುದನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಗಾಡಿಯ ಯಜಮಾನರನ್ನು ಕೇಳದೆ ಹಾಕಿದ ಸಾಮಾನಿಗೆ ಗಾಡಿ ಹಿಡಿದಿಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ವಸೂಲಿಯೇ. ನಮ್ಮಲ್ಲಿ ಎಸ್ಟಿಮೇಟು ಮೀರಿದರೆ ಫೋನ್ ಮಾಡಿ, ವಾಟ್ಸ್ಆ್ಯಪಿನಲ್ಲಿ ‘ಸರಿ’ ಎಂದು ಬಂದ ಮೇಲೆಯೇ ಮುಂದುವರಿಯುತ್ತೇವೆ. ತೆಗೆದ ಹಳೆಯ ಸಾಮಾನನ್ನು ಹೊಸ ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿ ಇಡುತ್ತೇವೆ. ಕೆಲವರು ಅದನ್ನು ಇನ್ನೊಂದು ಗ್ಯಾರೇಜಿಗೆ ಒಯ್ದು ತೋರಿಸುತ್ತಾರೆ, ತೋರಿಸಲಿ.

ಈಗ ನಮ್ಮ ಜಾಬ್ ಕಾರ್ಡಿನಲ್ಲಿ ತಪಾಸಣೆಗೆ ಪ್ರತ್ಯೇಕ ಸಾಲು ಇದೆ. ಅದರ ಪಕ್ಕದಲ್ಲೇ ಇನ್ನೊಂದು ಸಾಲು, ‘ಖಚಿತ’ ಅಥವಾ ‘ಅನುಮಾನ’ ಎಂದು ಭಾಯ್ ಗುರುತು ಹಾಕಬೇಕು. ಅನುಮಾನ ಎಂದು ಗುರುತು ಬಿದ್ದರೆ ಆ ಸಾಮಾನು ಹಾಕಬೇಕೋ ಬೇಡವೋ ಎಂಬುದು ಯಜಮಾನರ ತೀರ್ಮಾನ. ಆ ಗುರುತು ಹಾಕಲು ಭಾಯ್‌ಗೆ ಮೊದಮೊದಲು ಮುಜುಗರವಾಗುತ್ತಿತ್ತು, ‘ನನಗೆ ಕೆಲಸ ಬರುವುದಿಲ್ಲ ಎಂದುಕೊಳ್ಳುತ್ತಾರೆ’ ಎನ್ನುತ್ತಿದ್ದರು. ಆದರೆ ಅನುಮಾನ ಎಂದು ಬರೆದ ಕಾರ್ಡುಗಳ ಮೇಲೆ ಜಗಳ ಕಡಿಮೆ.

ಮಾಲೀಕರಿಗೂ ನನಗೂ ಒಂದು ವಿಷಯದಲ್ಲಿ ಹೊಂದಿಲ್ಲ. ಕೆಲಸ ನಮ್ಮಲ್ಲೇ ಮಾಡಿಸಿದರೆ ತಪಾಸಣೆಯ ಹಣ ಬಿಟ್ಟುಬಿಡೋಣ, ಜನಕ್ಕೆ ಖುಷಿಯಾಗುತ್ತದೆ ಎನ್ನುತ್ತಾರೆ ಅವರು. ಬಿಟ್ಟರೆ ಆ ಆರುನೂರು ಮತ್ತೆ ಸಾಮಾನಿನ ಬೆಲೆಯೊಳಗೆ ನುಸುಳುತ್ತದೆ, ಬಿಡಬೇಡಿ ಎನ್ನುತ್ತೇನೆ ನಾನು. ಸದ್ಯಕ್ಕೆ ಅರ್ಧ ಬಿಡುವುದೆಂದು ರಾಜಿಯಾಗಿದೆ. ಮೇಷ್ಟ್ರ ಬಿಲ್ಲಿನಲ್ಲಿ ಮುನ್ನೂರು ಬಿಟ್ಟೆವು. ಉಳಿದ ಮುನ್ನೂರಕ್ಕೆ ರಸೀತಿಯಲ್ಲಿ ಏನೆಂದು ಬರೆದಿದ್ದೀರಿ ಎಂದು ಓದಿಸಿ ಕೇಳಿದ ಮೇಲೆಯೇ ಅವರು ಗೂಗಲ್ ಪೇ ತೆರೆದದ್ದು.