ಟೌನ್ ಮನೆತನದ ಹಿಂದೆ ಬಿದ್ದ ಚಳಿಗಾಲ: ಇಲ್ಲಿಯವರೆಗಿನ ಲೆಕ್ಕ

ನವೆಂಬರ್, ಎರಡನೇ ವಾರ

ಸೇಲಂ ಅಂದರೆ ನನ್ನ ಮಟ್ಟಿಗೆ ತಮಿಳುನಾಡಿನ ಸೇಲಂ. ಮಾವಿನಹಣ್ಣು, ಉಕ್ಕಿನ ಕಾರ್ಖಾನೆ, ಅಷ್ಟೇ. ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ಗೆ ಬಂದು ನೆಲೆಸಿದ ಮೇಲೂ ಸಂಜೆ ವಾಕಿಂಗ್ ಹೋಗುವ ರಸ್ತೆಯ ಹೆಸರು 'ಸೇಲಂ ಎಂಡ್ ರೋಡ್' ಎಂದು ಯಾಕಿದೆ ಅಂತ ಕೇಳಿಕೊಳ್ಳಲಿಲ್ಲ. ಇಲ್ಲಿನ ಸೇಲಂ ಇರುವುದು ಸುಮಾರು ಐವತ್ತು ಕಿಲೋಮೀಟರ್ ಆಚೆ, ಸಮುದ್ರದ ದಂಡೆಯಲ್ಲಿ. ಅದರ 'ಕೊನೆ' ಇಲ್ಲಿಗೆ ಹೇಗೆ ಬಂತು?

ಉತ್ತರ ಸಿಕ್ಕಿದ್ದು ಪಕ್ಕದ ಮನೆಯ ಅಜ್ಜಿಯಿಂದ. 1692ರಲ್ಲಿ ಆ ಸೇಲಂನಲ್ಲಿ ಮಾಟಗಾತಿಯರೆಂದು ಜನರನ್ನು ಹಿಡಿದು ನಡೆಸಿದ ವಿಚಾರಣೆಯಲ್ಲಿ ಜೀವ ಉಳಿಸಿಕೊಂಡ ಒಬ್ಬ ಹೆಂಗಸು ಮನೆಮಂದಿಯನ್ನು ಕಟ್ಟಿಕೊಂಡು ಇಲ್ಲಿಗೆ ಬಂದಳಂತೆ. ಹೆಸರು ಸಾರಾ ಕ್ಲಾಯ್ಸ್. ಅವಳ ಇಬ್ಬರು ಅಕ್ಕಂದಿರನ್ನು ಗಲ್ಲಿಗೆ ಹಾಕಿದ್ದರು: ರೆಬೆಕಾ ನರ್ಸ್, ಮೇರಿ ಈಸ್ಟಿ.

ನರ್ಸ್, ಈಸ್ಟಿ, ಕ್ಲಾಯ್ಸ್. ಮೂರು ಹೆಸರು, ಮೂರು ಮನೆ. ಇವರು ಒಡಹುಟ್ಟಿದವರು ಅನ್ನುವುದಕ್ಕೆ ಕಾಗದದ ಮೇಲೆ ಏನು ಆಧಾರ ಇದೆ? ಇಷ್ಟೇ ನನ್ನ ಪ್ರಶ್ನೆ. ಎರಡು ವಾರದ ಕೆಲಸ ಅಂದುಕೊಂಡೆ. ಹೆಂಡತಿ ನಕ್ಕಳು.

ನವೆಂಬರ್ ಕೊನೆ

ಅಂತರ್ಜಾಲದ ವಂಶವೃಕ್ಷಗಳಿಂದ ಶುರು ಮಾಡಿದ್ದು ತಪ್ಪಾಯಿತು. ಒಂದು ವೃಕ್ಷದಲ್ಲಿ ಇವರ ಮನೆತನ ನಾರ್ಮನ್ ರಾಜರ ಕಾಲಕ್ಕೇ ಹೋಗಿ ಮುಟ್ಟಿದೆ. ಇನ್ನೊಂದರಲ್ಲಿ ಮಗ ಅಪ್ಪನಿಗಿಂತ ಮೊದಲೇ ಹುಟ್ಟಿದ್ದಾನೆ. ಯಾರೋ ಬರೆದದ್ದನ್ನು ಇನ್ಯಾರೋ ಎತ್ತಿಕೊಂಡು, ಅದನ್ನು ನೂರು ಜನ ಎತ್ತಿಕೊಂಡು, ಕೊನೆಗೆ 'ನೂರು ಜನ ಹೇಳುತ್ತಾರೆ' ಅನ್ನುವುದೇ ಸಾಕ್ಷಿ. ಎಲ್ಲವನ್ನೂ ಅಳಿಸಿ, ಮೂಲ ದಾಖಲೆ ಅಥವಾ ಅದರ ಅಚ್ಚಾದ ಪ್ರತಿ ಕಣ್ಣಿಗೆ ಬೀಳದ ಹೊರತು ಒಂದು ಹೆಸರನ್ನೂ ಸೇರಿಸಬಾರದು ಎಂದು ತೀರ್ಮಾನಿಸಿದೆ.

ಮ್ಯಾಸಚೂಸೆಟ್ಸ್‌ನಲ್ಲಿ ಈ ಕೆಲಸಕ್ಕೆ ಅನುಕೂಲ ಜಾಸ್ತಿ. ಜನನ, ಮದುವೆ, ಮರಣ ಬರೆದಿಡಬೇಕು ಅಂತ 1639ರಲ್ಲೇ ಕಾನೂನು ಮಾಡಿದ ವಸಾಹತು ಇದು. ಊರೂರಿನ 1850ರವರೆಗಿನ ದಾಖಲೆಗಳು ಅಕಾರಾದಿಯಾಗಿ ಅಚ್ಚಾಗಿವೆ. ಸೇಲಂ ಇರುವ ಎಸೆಕ್ಸ್ ಕೌಂಟಿಯ ಹಳೇ ಕೋರ್ಟಿನ ಕಾಗದಗಳೂ ಸಂಪುಟಗಳಾಗಿ ಬಂದಿವೆ. ವಂಶಾವಳಿ ದಾಖಲೆಗಳ ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಖಾತೆ ತೆರೆದರೆ ಪುಕ್ಕಟೆಯಾಗಿ ಬೇಕಾದಷ್ಟು ಸಿಗುತ್ತದೆ. ಜನನದ ಪುಸ್ತಕಕ್ಕಿಂತ ಕೋರ್ಟಿನ ಪುಸ್ತಕ ಓದಲು ರುಚಿ. ಹಂದಿ ಬೇಲಿ ಹಾರಿದ್ದು, ಸಾಲ ತೀರಿಸದ್ದು, ಪಾದ್ರಿ ಕುಡಿದು ಬಂದದ್ದು ಎಲ್ಲ ಅಲ್ಲಿದೆ.

ಪಾದ್ರಿ ವಿಷಯ ತಮಾಷೆಗೆ ಹೇಳಿದ್ದಲ್ಲ. 1670ರಲ್ಲಿ ಟಾಪ್ಸ್‌ಫೀಲ್ಡ್ ಊರಿನ ಪಾದ್ರಿ ಥಾಮಸ್ ಗಿಲ್ಬರ್ಟ್ ಕುಡಿದಿದ್ದರು ಎಂಬ ದೂರು ಬಂದಾಗ, ಅವರ ಪರವಾಗಿ ಸಾಕ್ಷಿ ಹೇಳಿದವಳು ಜೊವಾನಾ ಟೌನ್ ಎಂಬ ಮುದುಕಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ.

ಡಿಸೆಂಬರ್ 9

ಮೂವರನ್ನೂ ಕಟ್ಟುವ ದಾರ ಸಿಕ್ಕಿತು!

ವಿಲಿಯಂ ಟೌನ್ ಅನ್ನುವವನು 1640ರಲ್ಲಿ ಸೇಲಂನಲ್ಲಿ ಜಮೀನು ಪಡೆದವನು, ಆಮೇಲೆ ಟಾಪ್ಸ್‌ಫೀಲ್ಡ್‌ಗೆ ಹೋದವನು. 1673ರ ಸುಮಾರಿಗೆ ತೀರಿಕೊಂಡ. ಉಯಿಲು ಇಲ್ಲ. ಹೆಂಡತಿ ಜೊವಾನಾ ಇರುವ ತನಕ ಆಸ್ತಿ ಹಾಗೇ ಇತ್ತು. 1682ರ ಸುಮಾರಿಗೆ ಅವಳೂ ಹೋದ ಮೇಲೆ ಮಕ್ಕಳು ಕೋರ್ಟಿಗೆ ಅರ್ಜಿ ಕೊಟ್ಟರು. ಹೊಲ ಗಂಡುಮಕ್ಕಳಿಗೆ, ಮನೆಯೊಳಗಿನ ಸಾಮಾನು ಹೆಣ್ಣುಮಕ್ಕಳಿಗೆ. (ಇದನ್ನು ಓದಿ ನಮ್ಮಮ್ಮ ಫೋನಿನಲ್ಲಿ ಅಂದದ್ದು: "ಅಲ್ಲೂ ಪಾತ್ರೆ ಪಗಡಾನೇ ಏನೋ?")

ಅರ್ಜಿಯ ಕೆಳಗಿನ ಹೆಸರುಗಳೇ ನನಗೆ ಬೇಕಾಗಿದ್ದದ್ದು. ಜೇಕಬ್ ಟೌನ್, ಜೋಸೆಫ್ ಟೌನ್, ತೀರಿಹೋಗಿದ್ದ ಎಡ್ಮಂಡನ ವಿಧವೆ ಮೇರಿ. ಆಮೇಲೆ 'ರೆಬೆಕಾಳ ಒಪ್ಪಿಗೆಯೊಂದಿಗೆ' ಫ್ರಾನ್ಸಿಸ್ ನರ್ಸ್. 'ಮೊದಲು ಮೇರಿ ಟೌನ್ ಆಗಿದ್ದ' ಮೇರಿ ಈಸ್ಟಿ. ಕೊನೆಗೆ ಸಾರಾ ಬ್ರಿಜಸ್.

ಕ್ಲಾಯ್ಸ್ ಎಲ್ಲಿ? ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು: ಸಾರಾಳ ಮೊದಲ ಗಂಡ ಎಡ್ಮಂಡ್ ಬ್ರಿಜಸ್. ಅವನು ತೀರಿಕೊಂಡು, ಪೀಟರ್ ಕ್ಲಾಯ್ಸ್‌ನನ್ನು ಮದುವೆಯಾಗುವ ನಡುವಿನ ಕಾಲದಲ್ಲಿ ಈ ಸಹಿ ಬಿದ್ದಿದೆ. ಒಬ್ಬಳೇ ಹೆಂಗಸು ದಾಖಲೆಗಳಲ್ಲಿ ಮೂರು ಹೆಸರಿನಲ್ಲಿ ಓಡಾಡುತ್ತಾಳೆ. ಟೌನ್ ಎಂದು ಹುಡುಕಿದರೆ ಮದುವೆಗೆ ಮಾಯ, ಬ್ರಿಜಸ್ ಎಂದು ಹುಡುಕಿದರೆ ಎರಡನೇ ಮದುವೆಗೆ ಮಾಯ. ಎಷ್ಟೋ ವೃಕ್ಷಗಳಲ್ಲಿ ಪೀಟರನ ಮೊದಲ ಹೆಂಡತಿ ಹ್ಯಾನಾ ಲಿಟಲ್‌ಫೀಲ್ಡ್‌ಳ ಮಕ್ಕಳನ್ನೂ ಸಾರಾಳ ಲೆಕ್ಕಕ್ಕೆ ಬರೆದುಬಿಟ್ಟಿದ್ದಾರೆ. ಹಾಗಾಗಿ ಒಂದೇ ಮನೆಯಲ್ಲಿ ಬೆಳೆದವರನ್ನು ಮೂರು ಕಟ್ಟು ಮಾಡಿಕೊಂಡೆ: ಬ್ರಿಜಸ್ ಮಕ್ಕಳು, ಹ್ಯಾನಾಳ ಮಕ್ಕಳು, ಪೀಟರ್ ಮತ್ತು ಸಾರಾಗೆ ಹುಟ್ಟಿದವರು.

ಧಾರವಾಡದ ಕಡೆ ನಮ್ಮ ಅಜ್ಜನ ಮನೆಗೆ ಸುಗ್ಗಿ ಮುಗಿದ ಮೇಲೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕೂತು, ನಮ್ಮ ಮನೆತನದ ಏಳೆಂಟು ತಲೆಮಾರು ಒಂದೇ ಉಸಿರಿಗೆ ಹೇಳಿ, ಕಾಳು ಹಾಕಿಸಿಕೊಂಡು ಹೋಗುತ್ತಿದ್ದ. ಅವನ ಪಟ್ಟಿಯಲ್ಲಿ ಅಜ್ಜಿಯ ತವರಿನ ಹೆಸರು ಬಂದ ನೆನಪು ನನಗಿಲ್ಲ. ಆ ಅರ್ಜಿ ಬರೆದ ಗುಮಾಸ್ತ 'ಮೊದಲು ಮೇರಿ ಟೌನ್ ಆಗಿದ್ದ' ಅಂತ ನಾಲ್ಕು ಪದ ಜಾಸ್ತಿ ಬರೆದ. ಅವನ ಹೊಟ್ಟೆ ತಣ್ಣಗಿರಲಿ.

ಡಿಸೆಂಬರ್ 20

ಸಂಬಂಧವಾಚಕಗಳ ಕಾಟ. ಹದಿನೇಳನೇ ಶತಮಾನದ ಇಂಗ್ಲಿಷಿನಲ್ಲಿ 'ಮದರ್ ಇನ್ ಲಾ' ಅಂದರೆ ಅತ್ತೆಯೂ ಆಗಬಹುದು, ಮಲತಾಯಿಯೂ ಆಗಬಹುದು. 'ಕಸಿನ್' ಅಂದರೆ ಅಣ್ಣನ ಮಗನೂ ಆಗಬಹುದು. 'ಬ್ರದರ್' ಅಂತೂ ಒಡಹುಟ್ಟಿದವನು, ಗಂಡನ ತಮ್ಮ, ಒಂದೇ ಚರ್ಚಿನವನು ಎಲ್ಲರಿಗೂ ಸಲ್ಲುತ್ತದೆ. 'ಜೂನಿಯರ್' ಅಂದಾಕ್ಷಣ ಮಗ ಅಂತಲ್ಲ. ಅದೇ ಹೆಸರಿನ ಇಬ್ಬರಲ್ಲಿ ಚಿಕ್ಕವನು, ಅಷ್ಟೇ.

ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲ ಸಂಬಂಧಗಳನ್ನೂ ಕನ್ನಡದಲ್ಲೇ ಬರೆಯಲು ಶುರು ಮಾಡಿದೆ. ಕೆಲಸ ಅರ್ಧಕ್ಕರ್ಧ ಹಗುರವಾಯಿತು. ಫ್ರಾನ್ಸಿಸ್ ನರ್ಸ್, ಐಸಾಕ್ ಈಸ್ಟಿ, ಪೀಟರ್ ಕ್ಲಾಯ್ಸ್ ಮೂವರೂ ಷಡ್ಡಕರು. ಒಂದೇ ಪದ, ಮುಗಿಯಿತು. ಹಾಗೆ ನೋಡಿದಾಗಲೇ ಗೊತ್ತಾದದ್ದು: 1692ರ ಮಾರ್ಚಿನಲ್ಲಿ ರೆಬೆಕಾ ಕಾಯಿಲೆ ಬಿದ್ದು ಹಾಸಿಗೆ ಹಿಡಿದಿದ್ದಾಗ, ನಿಮ್ಮ ಮೇಲೆ ಹೀಗೆ ಮಾತು ಬಂದಿದೆ ಎಂದು ತಿಳಿಸಲು ಹೋದವರ ಹೇಳಿಕೆಗೆ ಬೆಂಬಲ ಕೊಟ್ಟವರಲ್ಲಿ ಪೀಟರ್ ಕ್ಲಾಯ್ಸ್ ಕೂಡ ಇದ್ದಾನೆ. ಎಷ್ಟೋ ಕಡೆ ಅವನನ್ನು ನೆರೆಯವ ಅಂತ ಮಾತ್ರ ಹೇಳಿ ಮುಂದೆ ಹೋಗುತ್ತಾರೆ. ನೆರೆಯವನಲ್ಲ ಸ್ವಾಮಿ, ತಂಗಿಯ ಗಂಡ.

ಜನವರಿ 6

ಇವತ್ತು ಪೂರ್ತಿ ತಾರೀಖಿನ ಜಗಳ. ಆಗಿನ ಇಂಗ್ಲಿಷರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ. 1752ರವರೆಗೂ ಇದೇ ಪದ್ಧತಿ. (ನಮ್ಮ ಯುಗಾದಿಯ ಆಸುಪಾಸು ಎಂದುಕೊಂಡರೆ ನೆನಪಿಡುವುದು ಸುಲಭ.) ಆದ್ದರಿಂದ ಜನವರಿ, ಫೆಬ್ರವರಿ, ಮಾರ್ಚಿನ ಬಹುಭಾಗ ಹಿಂದಿನ ವರ್ಷಕ್ಕೇ ಸೇರುತ್ತದೆ. ಎಚ್ಚರದ ಗುಮಾಸ್ತ 1691/2 ಅಂತ ಎರಡನ್ನೂ ಬರೆಯುತ್ತಾನೆ, ಸೋಮಾರಿ 1691 ಅಂತ ಬರೆದು ಮಲಗುತ್ತಾನೆ.

ರೆಬೆಕಾಳ ಮೊದಲ ವಿಚಾರಣೆ ಮಾರ್ಚ್ 24ರಂದು. ಅಂದರೆ ಹಳೇ ಲೆಕ್ಕದಲ್ಲಿ 1691ರ ಕಟ್ಟಕಡೆಯ ದಿನ. ತಂಗಿ ಸಾರಾಳದು ಏಪ್ರಿಲ್ 11, 1692. ನಡುವೆ ಇರುವುದು ಹದಿನೆಂಟೇ ದಿನ, ತಾರೀಖು ತಿಳಿಯದವರಿಗೆ ಒಂದು ವರ್ಷದ ಮೇಲೆ! ಈ ಗಂಡಾಂತರಕ್ಕೆ ಅದೇ ಮೊಕದ್ದಮೆಯಲ್ಲೇ ಒಂದು ಔಷಧ ಸಿಕ್ಕಿತು. ಮೊಟ್ಟಮೊದಲ ವಾರಂಟುಗಳ ತಾರೀಖು ಫೆಬ್ರವರಿ 29. ಅಧಿಕ ದಿನ ಬರಬೇಕಾದರೆ ಅದು ಈಗಿನ ಲೆಕ್ಕದ 1692 ಆಗಿರಲೇಬೇಕು. ಈಗಿನ ಲೆಕ್ಕದ 1691ಕ್ಕೆ ಆ ದಿನವೇ ಇಲ್ಲ.

ಜನವರಿ, ಮೂರನೇ ವಾರ

ಸೇಲಂ ಕಾಗದಗಳನ್ನು ಓದುತ್ತಿದ್ದೇನೆ. ವರ್ಜೀನಿಯಾ ವಿಶ್ವವಿದ್ಯಾಲಯದವರು ಎಲ್ಲವನ್ನೂ ಆನ್‌ಲೈನಿನಲ್ಲಿ ಇಟ್ಟಿದ್ದಾರೆ, ಮೂಲದ ಚಿತ್ರಗಳ ಸಮೇತ. ಕಾಗುಣಿತಕ್ಕೆ ಲಂಗುಲಗಾಮಿಲ್ಲ. ಈಸ್ಟಿ, ಎಸ್ಟಿ, ಎಸ್ಟಿಕ್, ನರ್ಸ್, ನೌರ್ಸ್, ಕ್ಲಾಯ್ಸ್, ಕ್ಲೇಸ್. ಹೆಸರನ್ನು ಬಾಯಲ್ಲಿ ಹೇಳಿಕೊಂಡು ಓದಿದರೆ ಮಾತ್ರ ಗುರುತು ಹತ್ತುತ್ತದೆ.

ಜಾನ್ ಪಟ್ನಮ್ ಎಂಬ ಯುವಕನ ಹೇಳಿಕೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ರೆಬೆಕಾ ನರ್ಸ್, ಮೇರಿ ಎಸ್ಟಿಕ್, ಸಾರಾ ಕ್ಲಾಯ್ಸ್ ಇವರ ತಾಯಿಯ ಬಗ್ಗೆ ಕೇಳಿದ ಮಾತೊಂದನ್ನು ತಾನು ಆಡಿದ ಮೇಲೆ ತನಗೆ ವಿಚಿತ್ರ ಸಂಕಟ ಶುರುವಾಯಿತು, ಆಮೇಲೆ ಕೂಸೂ ಸತ್ತಿತು ಎನ್ನುತ್ತಾನೆ. ತಾಯಿ ಅಂದರೆ ಪಾದ್ರಿಯ ಪರ ಸಾಕ್ಷಿ ಹೇಳಿದ ಅದೇ ಜೊವಾನಾ. ಅವಳು ಸತ್ತು ಹತ್ತು ವರ್ಷದ ಮೇಲೂ ಊರಿನ ಬಾಯಲ್ಲಿ ಅವಳ ಹೆಸರು ಓಡಾಡುತ್ತಿತ್ತು. ಮೂವರನ್ನೂ ಒಂದೇ ಸಾಲಿನಲ್ಲಿ ಒಬ್ಬ ತಾಯಿಯ ಮಕ್ಕಳೆಂದು ಹೇಳುವ ದಾಖಲೆ ಇದು. ವಂಶಾವಳಿಗೆ ಇಷ್ಟು ಒಳ್ಳೆಯ ಪುರಾವೆ ಬರೆದುಕೊಟ್ಟವನ ಉದ್ದೇಶ ಅವರನ್ನು ನೇಣಿಗೆ ಕಳಿಸುವುದಾಗಿತ್ತು.

ಉಳಿದದ್ದು ತಿಳಿದ ಕಥೆಯೇ. ರೆಬೆಕಾಗೆ ಎಪ್ಪತ್ತೊಂದು ವರ್ಷ. ಮೂವತ್ತೊಂಬತ್ತು ನೆರೆಹೊರೆಯವರು ಅವಳ ಪರ ಸಹಿ ಹಾಕಿದರು. ಜ್ಯೂರಿ ಮೊದಲು ನಿರ್ದೋಷಿ ಅಂದಿತು. ಇನ್ನೊಬ್ಬ ಕೈದಿಯ ಬಗ್ಗೆ ಅವಳು ಆಡಿದ್ದ ಒಂದು ಮಾತಿನ ಅರ್ಥವೇನು ಎಂದು ಮತ್ತೆ ಕೇಳಿದಾಗ ಅವಳು ಉತ್ತರ ಕೊಡಲಿಲ್ಲ, ತೀರ್ಪು ತಿರುಗಿತು. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ದುಃಖದಲ್ಲಿದ್ದೆ ಎಂದು ಆಮೇಲೆ ಹೇಳಿಕೆ ಕೊಟ್ಟಳು. ಜುಲೈ 19ಕ್ಕೆ ಗಲ್ಲು. ಮೇರಿಯನ್ನು ಮೇ 18ಕ್ಕೆ ಬಿಟ್ಟು, ಎರಡೇ ದಿನಕ್ಕೆ ಮತ್ತೆ ಹಿಡಿದರು. ಸೆಪ್ಟೆಂಬರ್ 22ಕ್ಕೆ ಗಲ್ಲು. ನನ್ನ ಜೀವ ಉಳಿಸಿ ಎಂದಲ್ಲ, ಇನ್ನು ಮುಂದೆ ನಿರಪರಾಧಿಗಳ ರಕ್ತ ಹರಿಸಬೇಡಿ ಎಂದು ಅವಳು ಬರೆದ ಅರ್ಜಿ ಉಳಿದಿದೆ. ಸಾರಾ ಸೆರೆಯಲ್ಲಿ ಕೊಳೆತು, 1693ರ ಜನವರಿಯಲ್ಲಿ ಆರೋಪ ಬಿದ್ದುಹೋಗಿ ಹೊರಬಂದಳು.

ಫೆಬ್ರವರಿ 2

ಸಮುದ್ರದ ಆಚೆ. ಇಂಗ್ಲೆಂಡಿನ ಚರ್ಚುಗಳು 1538ರಿಂದ ದೀಕ್ಷಾಸ್ನಾನ, ಮದುವೆ, ಹೂಳುವಿಕೆಯ ಪುಸ್ತಕ ಇಡಬೇಕು ಎಂಬ ಆಜ್ಞೆ ಇತ್ತು. ನಾರ್ಫಕ್ ಸೀಮೆಯ ಗ್ರೇಟ್ ಯಾರ್ಮತ್ ಊರಿನ ಸೇಂಟ್ ನಿಕೊಲಸ್ ಚರ್ಚಿನಲ್ಲಿ 1620ರ ಏಪ್ರಿಲ್ 25ರಂದು ವಿಲಿಯಂ ಟೌನ್ ಮತ್ತು ಜೊವಾನಾ ಬ್ಲೆಸಿಂಗ್ ಮದುವೆ. ಆಮೇಲೆ ಸಾಲಾಗಿ ಮಕ್ಕಳ ಹೆಸರುಗಳು, ಮೊದಲಿಗೆ ರೆಬೆಕಾ. ಸಾರಾ ಮಾತ್ರ ಈ ಪುಸ್ತಕದಲ್ಲಿಲ್ಲ. ಅವಳ ಹೆಸರು 1648ರ ಸೇಲಂ ಚರ್ಚಿನ ಪಟ್ಟಿಯಲ್ಲಿ ಬರುತ್ತದೆ. ಅಕ್ಕ ತಂಗಿಯ ದೀಕ್ಷಾಸ್ನಾನಗಳ ನಡುವೆ ಇಪ್ಪತ್ತೇಳು ವರ್ಷ ಮತ್ತು ಒಂದು ಅಟ್ಲಾಂಟಿಕ್.

1942ರಲ್ಲಿ ಬಾಂಬ್ ಬಿದ್ದು ಆ ಚರ್ಚಿನ ಒಳಭಾಗ ಸುಟ್ಟುಹೋಯಿತು. ಪುಸ್ತಕಗಳು ಉಳಿದವು.

ಇನ್ನು ಕಾಡುತ್ತಿರುವವನು ಎಡ್ಮಂಡ್. 1637ರಲ್ಲಿ ಯಾರ್ಮತ್‌ನಿಂದ ಹೊರಟವರ ಪಟ್ಟಿಯಲ್ಲಿ ಹೆನ್ರಿ ಸ್ಕೆರಿ ಎಂಬ ಚಪ್ಪಲಿ ಹೊಲಿಯುವವನ ಜೊತೆ ಕೆಲಸ ಕಲಿಯುವ ಹುಡುಗ 'ಎಡ್ಮಂಡ್ ಟೌನ್, ವಯಸ್ಸು 18'. ಆದರೆ ಚರ್ಚಿನ ಪುಸ್ತಕದ ಪ್ರಕಾರ ನಮ್ಮ ಎಡ್ಮಂಡನ ದೀಕ್ಷಾಸ್ನಾನ 1628ರ ಜೂನ್‌ನಲ್ಲಿ. 1637ಕ್ಕೆ ಅವನಿಗೆ ಎಂಟೋ ಒಂಬತ್ತೋ. ಹದಿನೆಂಟಾಗಬೇಕಾದರೆ ಅಪ್ಪ ಅಮ್ಮನ ಮದುವೆಗೂ ಮೊದಲೇ ಹುಟ್ಟಬೇಕು. 8ರ ಹಿಂದೆ ಒಂದು 1 ಸೇರಿತೋ, ಅಥವಾ ಇವನು ಬೇರೆಯೇ ಎಡ್ಮಂಡನೋ? ಎಂಟು ವರ್ಷದ ಹುಡುಗನನ್ನು ಅಪ್ಪ ಅಮ್ಮನಿಗಿಂತ ಮುಂಚೆ ಹಡಗು ಹತ್ತಿಸುವುದು ನನಗೆ ಒಗ್ಗುತ್ತಿಲ್ಲ. ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಫೆಬ್ರವರಿ 17

ಡ್ಯಾನ್ವರ್ಸ್‌ಗೆ ಹೋಗಿ ಬಂದೆ, ಮೊಣಕಾಲುದ್ದ ಹಿಮದಲ್ಲಿ. ಆಗಿನ ಸೇಲಂ ವಿಲೇಜ್ ಈಗಿನ ಡ್ಯಾನ್ವರ್ಸ್. ನರ್ಸ್ ಕುಟುಂಬ ಇದ್ದ ಹೊಲ, ಮನೆ ಅಲ್ಲಿದೆ. ಮನೆ ಚಳಿಗಾಲಕ್ಕೆ ಮುಚ್ಚಿತ್ತು, ಹೋಗುವ ಮುಂಚೆ ವಿಚಾರಿಸದ್ದು ನನ್ನ ತಪ್ಪು. ಸ್ಮಶಾನದವರೆಗೆ ನಡೆದೆ. ಮಕ್ಕಳು ರಾತ್ರೋರಾತ್ರಿ ರೆಬೆಕಾಳ ದೇಹ ತಂದು ಈ ಹೊಲದಲ್ಲಿ ಹೂತರು ಎಂಬುದು ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. 1885ರಲ್ಲಿ ವಂಶಸ್ಥರು ಸೇರಿ ಕಲ್ಲು ನಿಲ್ಲಿಸಿದರು. 1892ರಲ್ಲಿ ಪಕ್ಕದಲ್ಲೇ ಇನ್ನೊಂದು ಕಲ್ಲು, ಸಹಿ ಹಾಕಿದ ನೆರೆಯವರ ಹೆಸರುಗಳದ್ದು. ಹಿಮ ಒರೆಸಿ ಒಂದೊಂದೇ ಹೆಸರು ಓದಿದೆ.

ಮನೆಗೆ ಬಂದು, ಶಿಕ್ಷೆಗೊಳಗಾದವರ ಮನೆಯವರಿಗೆ ಸರ್ಕಾರ ಕೊಟ್ಟ 1711ರ ಪರಿಹಾರದ ಪಟ್ಟಿ ತೆಗೆದೆ. ಒಟ್ಟು 578 ಪೌಂಡ್ 12 ಶಿಲಿಂಗ್. ನರ್ಸ್ ಮನೆಗೆ 25 ಪೌಂಡ್, ಈಸ್ಟಿ ಮನೆಗೆ 20. ದುಡ್ಡಿಗಾಗಿ ಯಾರು ಯಾರು ಅರ್ಜಿ ಕೊಟ್ಟರೋ ಅವರೇ ಅಂದು ಬದುಕಿದ್ದ ಹತ್ತಿರದವರು. ಹೀಗಾಗಿ ಮುಂದಿನ ತಲೆಮಾರಿಗೆ ಹೋಗಲು ಇದಕ್ಕಿಂತ ಒಳ್ಳೆಯ ಏಣಿ ಇಲ್ಲ.

ಮಾರ್ಚ್ 1

ಸೇಲಂ ಎಂಡ್‌ಗೆ ವಾಪಸ್. ಪೀಟರ್ ಮತ್ತು ಸಾರಾ, ಅವರ ಹಿಂದೆ ರೆಬೆಕಾಳ ಮಗ ಬೆಂಜಮಿನ್ ನರ್ಸ್ ಮೊದಲಾದವರು ಇಲ್ಲಿ ನೆಲೆಸಿದ್ದು ಥಾಮಸ್ ಡ್ಯಾನ್‌ಫೋರ್ತ್‌ನ ಜಮೀನಿನಲ್ಲಿ. ಏಪ್ರಿಲ್ 11ರಂದು ಸಾರಾಳನ್ನು ವಿಚಾರಿಸಿದಾಗ ಡೆಪ್ಯುಟಿ ಗವರ್ನರ್ ಆಗಿ ಪೀಠದಲ್ಲಿ ಕೂತಿದ್ದವನೂ ಅದೇ ಡ್ಯಾನ್‌ಫೋರ್ತ್. ಪಶ್ಚಾತ್ತಾಪಪಟ್ಟು ಕರೆದ ಅನ್ನುವವರಿದ್ದಾರೆ. ಅವನು ಹಾಗೆ ಬರೆದ ಕಾಗದ ನನ್ನ ಕಣ್ಣಿಗೆ ಬಿದ್ದಿಲ್ಲ, ಹಾಗಾಗಿ ವೃಕ್ಷದಲ್ಲಿ ಆ ಟಿಪ್ಪಣಿ ಹಾಕಿಲ್ಲ.

ಸಾರಾ ತೀರಿಕೊಂಡದ್ದು 1703ರಲ್ಲಿ, ಪೀಟರ್ 1708ರಲ್ಲಿ. ಇಬ್ಬರನ್ನೂ ಇವತ್ತು ವೃಕ್ಷಕ್ಕೆ ಸೇರಿಸಿದೆ. ಸಾಫ್ಟ್‌ವೇರ್ ಸಾರಾಳ ಮನೆತನದ ಹೆಸರಿನ ಜಾಗದಲ್ಲಿ ತಾನಾಗಿಯೇ ಕ್ಲಾಯ್ಸ್ ಅಂತ ತುಂಬಿಕೊಂಡಿತು. ಅಳಿಸಿ ಟೌನ್ ಅಂತ ಬರೆದೆ. ಬ್ರಿಜಸ್ ಮಕ್ಕಳ ಕಟ್ಟು ಇನ್ನೂ ಬಿಚ್ಚಿಲ್ಲ. ಮುಂದಿನ ಶನಿವಾರ ಅದು.