ಮೊದಲು ಕೊಳ್ಳುವವರು, ಆಮೇಲೆ ಹೊಲಿಗೆ ಯಂತ್ರ

ಮಹಿಳೆಯರಿಗೆ ಹೊಲಿಗೆ ಕಲಿಸುವ ಯೋಜನೆಯಲ್ಲಿ ಸಂಯೋಜಕಿಯಾಗಿ ಕೆಲಸ ಮಾಡುತ್ತೇನೆ. ನಮ್ಮ ಸಿಬ್ಬಂದಿಗೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಯಂತ್ರಗಳನ್ನು ತರಿಸುವ ಮುಂಚೆ, ಹೊಲಿದದ್ದನ್ನು ಕೊಳ್ಳುವವರು ಯಾರು ಅಂತ ಹುಡುಕಿ.

ಕೆಲಸವೇ ಬರದವರಿಗೆ ಆರ್ಡರ್ ಯಾರು ಕೊಡುತ್ತಾರೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಕೊಳ್ಳುವವರ ಹತ್ತಿರ ಮೊದಲೇ ಹೋಗುವುದು ಆರ್ಡರ್ ಕೇಳುವುದಕ್ಕಲ್ಲ, ಅವರಿಗೆ ಏನು ಬೇಕೆಂದು ತಿಳಿಯುವುದಕ್ಕೆ. ಬ್ಯಾಗ್ ಕೊಳ್ಳುವ ಸಂಸ್ಥೆಯವರು ಕಸೂತಿ ಚೆನ್ನಾಗಿದೆಯೇ ಎಂದು ನೋಡುವುದಕ್ಕಿಂತ ಮೊದಲು ನೂರನೆಯ ಬ್ಯಾಗ್ ಮೊದಲನೆಯದರಷ್ಟೇ ಅಳತೆಯಲ್ಲಿದೆಯೇ, ಹಿಡಿ ಭಾರ ತಡೆಯುತ್ತದೆಯೇ, ಹೇಳಿದ ದಿನಕ್ಕೆ ಬರುತ್ತದೆಯೇ, ಬಿಲ್ ಕೊಡುತ್ತೀರಾ ಎಂದು ಕೇಳುತ್ತಾರೆ. ತರಬೇತಿಯ ಪಾಠಪಟ್ಟಿಗಳಲ್ಲಿ ಈ ನಾಲ್ಕರಲ್ಲಿ ಒಂದೂ ಇರುವುದಿಲ್ಲ. ರವಿಕೆ, ಲಂಗ, ಚೂಡಿದಾರ್ ಅಂತ ಕಲಿಸಿ, ಪ್ರಮಾಣಪತ್ರ ಕೊಟ್ಟು, ಫೋಟೊ ತೆಗೆಸಿ ಮುಗಿಸಿದರೆ ಒಂದೇ ಕೇರಿಯಲ್ಲಿ ಒಂದೇ ಬಗೆಯ ಹೊಲಿಗೆ ಬಲ್ಲ ಹತ್ತಾರು ಮಂದಿ ತಯಾರಾಗುತ್ತಾರೆ. ಅವರು ಒಬ್ಬರಿಗೊಬ್ಬರು ಪೈಪೋಟಿಯಾಗಿ ದರ ಇಳಿಸುತ್ತಾ ಹೋಗುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆರ್ಡರ್ ಸಣ್ಣದಿದ್ದರೂ ಪರವಾಗಿಲ್ಲ, ಅದು ನಿಜವಾದದ್ದಾಗಿರಬೇಕು. ಎರಡು ಕಡೆಯವರೂ ಒಪ್ಪಿದ ಒಂದು ಸ್ಯಾಂಪಲ್ ಅವರ ಹತ್ತಿರ, ಅಂಥದ್ದೇ ಇನ್ನೊಂದು ನಮ್ಮ ಹತ್ತಿರ ಇರುತ್ತದೆ. ಮಾಲು ವಾಪಸ್ ಬಂದರೆ ಸ್ಯಾಂಪಲ್ ಪಕ್ಕದಲ್ಲಿಟ್ಟು ನೋಡುತ್ತೇವೆ. ಹೊಲಿಗೆ ಎಲ್ಲಿ ಜಾರಿದೆ, ಅಂಚು ಎಷ್ಟು ಹೆಚ್ಚು ಮಡಚಿದೆ ಎಂಬುದು ಹೊಲಿದವರ ಕಣ್ಣಿಗೇ ಬೀಳುತ್ತದೆ. ಶಿಕ್ಷಕಿ ಹತ್ತು ಸಲ ಹೇಳಿದರೂ ತಲೆಗೆ ಹೋಗದ ವಿಷಯ ಒಂದು ಸಲ ಮಾಲು ವಾಪಸ್ ಬಂದರೆ ಕೈಗೆ ಬರುತ್ತದೆ.

ಇದು ನಮ್ಮೊಬ್ಬರ ಅನುಭವವಷ್ಟೇ ಅಲ್ಲ. ಈಜಿಪ್ಟಿನ ಫುವ ಎಂಬ ಊರಿನಲ್ಲಿ ಕೈಮಗ್ಗದ ನೆಲಹಾಸು ನೇಯುವವರ ಮೇಲೆ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದ ಹಾಗೆ ಆಯ್ದ ಕೆಲವು ನೇಕಾರರಿಗೆ ವಿದೇಶದ ಆರ್ಡರ್ ದೊರಕಿಸಿಕೊಟ್ಟರು. ಅವರ ಲಾಭ ಉಳಿದವರಿಗಿಂತ ಶೇ. 16ರಿಂದ 26ರಷ್ಟು ಹೆಚ್ಚಿತು, ನೇಯ್ಗೆಯ ಗುಣಮಟ್ಟವೂ ಏರಿತು. ಆರ್ಡರ್ ಪೂರೈಸುತ್ತಾ ಪೂರೈಸುತ್ತಾ ಅವರು ಕಲಿತಿದ್ದರು.

ನಮ್ಮ ತರಗತಿಯಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳುವುದು ದರ ಕಟ್ಟುವ ಪಾಠ. ಬಟ್ಟೆ, ದಾರ, ಝಿಪ್ ಇವುಗಳ ಲೆಕ್ಕ ಯಾರಿಗೂ ತಪ್ಪುವುದಿಲ್ಲ. ಕತ್ತರಿಸುವಾಗ ಹಾಳಾದ ಬಟ್ಟೆ, ಕರೆಂಟು, ಯಂತ್ರದ ರಿಪೇರಿ, ಮಾಲು ಸಾಗಿಸುವ ಖರ್ಚು ಇವನ್ನು ನೆನಪಿಸಬೇಕಾಗುತ್ತದೆ. ಎಷ್ಟು ನೆನಪಿಸಿದರೂ ಬಿಟ್ಟುಹೋಗುವುದು ಅವರ ಸ್ವಂತ ಗಂಟೆಗಳು. "ಮನೇಲಿ ಕೂತು ಮಾಡಿದ್ದು ಮೇಡಂ, ಅದಕ್ಕೆಂಥ ಕೂಲಿ?" ಅನ್ನುತ್ತಾರೆ. ಆಗ ನೋಟ್‌ಬುಕ್ ಕೊಟ್ಟು, ಯಂತ್ರದ ಮುಂದೆ ಕೂತ ಹೊತ್ತು, ಎದ್ದ ಹೊತ್ತು ಬರೆದಿಡಲು ಹೇಳುತ್ತೇವೆ. ವಾರ ಕಳೆದ ಮೇಲೆ ಒಂದು ಬ್ಯಾಗಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದು ಅವರದೇ ಅಕ್ಷರದಲ್ಲಿ ಇರುತ್ತದೆ. ಅಲ್ಲಿಂದಾಚೆಗೆ ಚೌಕಾಸಿ ಮಾಡುವಾಗ ಅವರ ದನಿಯೇ ಬೇರೆ.

ಆ ನೋಟ್‌ಬುಕ್‌ನಲ್ಲಿ ಇನ್ನೊಂದು ವಿಷಯವೂ ಕಾಣುತ್ತದೆ: ಅರ್ಧ ಗಂಟೆಗೊಮ್ಮೆ ಮನೆಗೆಲಸಕ್ಕೆಂದು ಏಳುವುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿಯ ಪ್ರಕಾರ ಜಗತ್ತಿನಲ್ಲಿ ಸಂಬಳವಿಲ್ಲದ ಮನೆಗೆಲಸ ಮತ್ತು ಆರೈಕೆಯ ಒಟ್ಟು ಗಂಟೆಗಳಲ್ಲಿ ಶೇ. 76.2ರಷ್ಟು ಹೆಂಗಸರ ಪಾಲಿನದು. ಇದನ್ನು ಗಮನಕ್ಕೆ ತೆಗೆದುಕೊಳ್ಳದೆ ಬೆಳಗಿನಿಂದ ಸಂಜೆಯವರೆಗೆ ತರಗತಿ ಇಟ್ಟು, "ಹೆಂಗಸರು ಅರ್ಧಕ್ಕೇ ಬಿಟ್ಟುಹೋಗುತ್ತಾರೆ" ಎಂದು ವರದಿ ಬರೆಯುವುದು ಅನ್ಯಾಯ. ವೇಳೆ ಅವರೇ ಗೊತ್ತುಮಾಡಲಿ. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರಿರಲಿ, ಅವರಿಗೂ ಸಂಬಳವಿರಲಿ.

ದುಡ್ಡು ಬರುವ ದಾರಿಯನ್ನೂ ಮೊದಲೇ ಮಾತಾಡಬೇಕು. ದೊಡ್ಡ ಸಂಸ್ಥೆಗಳು ಮಾಲು ತೆಗೆದುಕೊಂಡ ತಿಂಗಳುಗಳ ಮೇಲೆ ಹಣ ಕೊಡುವುದುಂಟು. ಅಷ್ಟರಲ್ಲಿ ಮುಂದಿನ ಆರ್ಡರ್‌ಗೆ ಬಟ್ಟೆ ತರಲು ಗುಂಪಿನ ಹತ್ತಿರ ಏನೂ ಉಳಿದಿರುವುದಿಲ್ಲ. ಕೊನೇ ಪಕ್ಷ ಬಟ್ಟೆಯ ಖರ್ಚಾದರೂ ಮುಂಗಡವಾಗಿ ಬರಲಿ ಎಂದು ನಾವು ಹಟ ಹಿಡಿಯುತ್ತೇವೆ. ಬಂದ ಹಣ ಯಾರ ಖಾತೆಗೆ ಹೋಗುತ್ತದೆ ಎಂಬುದಂತೂ ಇನ್ನೂ ದೊಡ್ಡ ಪ್ರಶ್ನೆ. ಮಧ್ಯಪ್ರದೇಶದಲ್ಲಿ ಉದ್ಯೋಗ ಖಾತರಿ ಯೋಜನೆಯ ಕೂಲಿಯನ್ನು ಹೆಂಗಸರ ಸ್ವಂತ ಖಾತೆಗೇ ಹಾಕಿ, ಖಾತೆ ಬಳಸುವುದನ್ನೂ ಕಲಿಸಿದಾಗ ಅವರು ಕೆಲಸಕ್ಕೆ ಹೋಗುವುದೇ ಹೆಚ್ಚಿತು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಖಾತೆ ತೆರೆದದ್ದಷ್ಟೇ ಸಾಕಾಗಲಿಲ್ಲ. ಹಣ ನೇರವಾಗಿ ಅಲ್ಲಿಗೇ ಬರಬೇಕಿತ್ತು, ತೆಗೆಯುವುದು ಹೇಗೆಂದು ಗೊತ್ತಿರಬೇಕಿತ್ತು.

ಒಬ್ಬರೇ ಕೊಳ್ಳುವವರನ್ನು ನೆಚ್ಚಿಕೊಂಡ ಗುಂಪಿಗೆ ಮಾತಾಡುವ ಬಲ ಇರುವುದಿಲ್ಲ. ಎರಡನೆಯವರನ್ನು, ಮೂರನೆಯವರನ್ನು ಹುಡುಕುವುದು ತರಬೇತಿ ಮುಗಿದ ಮೇಲಿನ ಕೆಲಸವಲ್ಲ, ತರಬೇತಿಯದೇ ಭಾಗ. ಗುಂಪಾಗಿ ನಿಲ್ಲುವುದೂ ಹಾಗೆಯೇ. 1972ರಲ್ಲಿ ಇಳಾ ಭಟ್ ಅಹಮದಾಬಾದಿನಲ್ಲಿ ಸ್ವಂತ ದುಡಿಮೆಯ ಹೆಂಗಸರ ‘ಸೇವಾ’ ಸಂಘವನ್ನು ನೋಂದಾಯಿಸಲು ಹೋದಾಗ, ಮಾಲೀಕನೇ ಇಲ್ಲದವರಿಗೆ ಕಾರ್ಮಿಕ ಸಂಘ ಯಾಕೆ ಎಂಬ ಆಕ್ಷೇಪ ಎದುರಾಗಿತ್ತು. ಸಂಘ ಇರುವುದು ಮಾಲೀಕರ ವಿರುದ್ಧ ನಿಲ್ಲುವುದಕ್ಕೆ ಮಾತ್ರವಲ್ಲ, ಕೆಲಸ ಮಾಡುವವರು ಒಂದಾಗುವುದಕ್ಕೆ ಎಂಬುದು ಅವರ ವಾದವಾಗಿತ್ತು. ಮನೆಯಲ್ಲಿ ಕೂತು ಹೊಲಿಯುವವರಿಗೆ ಅದಕ್ಕಿಂತ ಹೊಂದುವ ಮಾತು ನನಗೆ ಸಿಕ್ಕಿಲ್ಲ.

ಈಗ ದರ ಮಾತಾಡುವ ಸಭೆಗಳಿಗೆ ಗುಂಪಿನಿಂದಲೇ ಇಬ್ಬರು ಹೋಗುತ್ತಾರೆ: ಲೆಕ್ಕ ಬಲ್ಲವರು ಒಬ್ಬರು, ಹೊಲಿಗೆ ಬಲ್ಲವರು ಒಬ್ಬರು. ಕೊಳ್ಳುವವರ ಫೋನ್ ನಂಬರ್ ಇರುವುದೂ ಅವರ ಹತ್ತಿರವೇ. ಕರೆದರೆ ಮಾತ್ರ ನಾವು ಹೋಗುತ್ತೇವೆ.