ಡ್ರೆಸ್ಸಿಂಗ್‌ಗೆ ಮುಕ್ಕಾಲು ಗಂಟೆ ಮೊದಲು

ಗಾಯದ ಪಟ್ಟಿ ಬಿಚ್ಚುವಾಗ ನರ್ಸುಗಳ ಬಾಯಲ್ಲಿ ಬರುವ ಮಾತು ಒಂದೇ, 'ಸ್ವಲ್ಪ ತಡ್ಕೊಳ್ಳಿ, ಆಯ್ತು ಆಯ್ತು.' ನಾನೂ ನರ್ಸೇ. ಆದರೆ ಈ ಮಾತು ನನಗೆ ಸೇರುವುದಿಲ್ಲ. ನೋವಿಗೆ ಮದ್ದು ಇರುವಾಗ ಸುಮ್ನೆ ಯಾಕೆ ತಡ್ಕೊಳ್ಳಬೇಕು, ಅಲ್ವಾ?

ಶಿರಸಿಯಲ್ಲಿ ಅಡಿಕೆ ಬೇಯಿಸುವ ಕಾಲ ಬಂದರೆ ಕಾಲು ಸುಟ್ಟುಕೊಂಡವರು ಬರುತ್ತಾರೆ. ಹಂಡೆಯ ಕುದಿನೀರು ಚೆಲ್ಲಿರುತ್ತದೆ. ಹಾಗೆ ಬಂದ ಒಬ್ಬ ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಾಗಲೇ ನಡುಗುತ್ತಿದ್ದರು. 'ತಂಗೀ, ಗಾಯದ ನೋವು ಅಡ್ಡಿಲ್ಲೆ. ಪಟ್ಟಿ ಕೀಳದೊಂದು ಬೇಡ ಮಾರಾಯ್ತಿ' ಅಂದರು.

ಅವರು ಹೇಳಿದ್ದು ಸರಿಯೇ. ಗಾಯದಿಂದ ಒಸರಿದ ನೀರು ಒಣಗಿದರೆ ಗಾಯದ ಮೇಲಿಟ್ಟ ಗಾಜ್ ಅನ್ನುವ ಜಾಳು ಹತ್ತಿ ಬಟ್ಟೆ ಗಟ್ಟಿಯಾಗಿ ಅಂಟುತ್ತದೆ. ಅದರ ಎಳೆಗಳ ನಡುವೆ ಹೊಸ ಮಾಂಸ ಬೆಳೆದಿರುತ್ತದೆ. ಒಣಗಿದ್ದನ್ನೇ ಎಳೆದರೆ ಆ ಹೊಸ ಮಾಂಸವೂ ಕಿತ್ತು ಬರುತ್ತದೆ, ರಕ್ತ ಬರುತ್ತದೆ, ಗಾಯ ಮಾಯುವುದು ಇನ್ನೂ ತಡ.

ಮಾತ್ರೆಯ ಹೊತ್ತು ಬಹಳ ಮುಖ್ಯ. ನುಂಗಿದ ಪ್ಯಾರಸಿಟಮಾಲ್ ಚೆನ್ನಾಗಿ ಹಿಡಿಯಲು ಅರ್ಧದಿಂದ ಒಂದು ಗಂಟೆ ಬೇಕು. ಟೇಬಲ್ ಮೇಲೆ ಮಲಗಿಸಿ ಕೊಟ್ಟರೆ ಅದು ಕೆಲಸ ಶುರು ಮಾಡುವಷ್ಟರಲ್ಲಿ ನಮ್ಮ ಕೆಲಸ ಮುಗಿದಿರುತ್ತದೆ. ಅದಕ್ಕೇ ಬನವಾಸಿ ಕಡೆಯಿಂದ ಬರುವವರಿಗೆ, ಡಾಕ್ಟರು ಬರೆದ ಮಾತ್ರೆಯನ್ನು ಬಸ್ ಹತ್ತುವಾಗಲೇ ನುಂಗಿಬಿಡಿ ಅನ್ನುತ್ತೇನೆ. ಅದು ಸಾಲದಿದ್ದರೆ ಟ್ರಮಡಾಲ್‌ನಂಥ ಇನ್ನೂ ಜೋರಾದ ನೋವಿನ ಮದ್ದು ಬೇಕಾಗುತ್ತದೆ. ಅದನ್ನು ಡಾಕ್ಟರೇ ಹೇಳಬೇಕು.

ಆಮೇಲೆ ನೆನೆಸುವುದು. 0.9% ಸಲೈನ್, ಅಂದರೆ ಹದವಾದ ಉಪ್ಪುನೀರಿನ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಮೈ ಬಿಸಿಗೆ ತರುತ್ತೇನೆ. ಚಳಿಗಾಲದ ತಣ್ಣನೆ ಸಲೈನ್ ಹಸಿ ಗಾಯಕ್ಕೆ ಬಿದ್ದರೆ ಜೀವ ಹೋದ ಹಾಗಾಗುತ್ತದೆ. ಸುರಿದು ಹತ್ತು ನಿಮಿಷ ಬಿಡಬೇಕು. ರೂಮಿನ ಹೊರಗೆ ಸಾಲು ಎಷ್ಟೇ ಉದ್ದ ಇರಲಿ, ಆ ಹತ್ತು ನಿಮಿಷವನ್ನು ನಾನು ಕಡಿಮೆ ಮಾಡುವುದಿಲ್ಲ. ಪಟ್ಟಿಯನ್ನು ಮೇಲಕ್ಕೆ ಎತ್ತಬಾರದು. ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಇನ್ನೊಂದರಿಂದ ಚರ್ಮಕ್ಕೆ ತಾಗಿದಂತೆ ಮಡಚುತ್ತಾ ನಿಧಾನ ಬಿಡಿಸಬೇಕು. ಕೈ ಎತ್ತಿದರೆ ನಿಲ್ಲಿಸುತ್ತೇನೆ ಅಂತ ಆ ಅಮ್ಮನಿಗೆ ಮೊದಲೇ ಹೇಳಿದ್ದೆ. ಎರಡು ಸಲ ಎತ್ತಿದರು, ಎರಡು ಸಲವೂ ನಿಲ್ಲಿಸಿದೆ. ನಂತರ ಜಿಡ್ಡು ಸವರಿದ, ಗಾಯಕ್ಕೆ ಅಂಟದ ಪ್ಯಾರಾಫಿನ್ ಗಾಜ್ ಹಾಕಿದೆವು.

ತೆರೆದ ಗಾಯಕ್ಕೆ ಸ್ಪಿರಿಟ್ ಸುರಿಯುವುದಂತೂ ಬೇಡವೇ ಬೇಡ. ಉರಿಯುವುದಷ್ಟೇ ಅಲ್ಲ, ಒಳ್ಳೆಯ ಮಾಂಸವೂ ಹಾಳು. ಸತ್ತ ಮಾಂಸ ತೆಗೆಯಬೇಕಾದರೆ ಆ ಜಾಗ ಮರಗಟ್ಟಿಸುವ ಮದ್ದು ಲಿಗ್ನೋಕೇನ್ ಇದೆ. ಅದು ರಕ್ತಕ್ಕೆ ಸೇರುವುದರಿಂದ ತೂಕ ನೋಡಿಯೇ ಅಳತೆ.

ನೋವು 0ಯಿಂದ 10ರಲ್ಲಿ ಎಷ್ಟು ಅಂತ ಕೇಳಿ ಕೇಸ್ ಶೀಟಿನಲ್ಲಿ ಬರೆಯುತ್ತೇನೆ. ಸಕ್ಕರೆ ಕಾಯಿಲೆಯವರು ಪಾದದ ಗಾಯಕ್ಕೆ 0 ಅಂದರೆ ನನಗೆ ಸಮಾಧಾನ ಇಲ್ಲ, ನರ ಸೋತು ನೋವೇ ಗೊತ್ತಾಗದೆ ಇರಬಹುದು. ಇನ್ನು ಮೊನ್ನೆ 3 ಅಂದವರು ಇವತ್ತು 7 ಅಂದರೆ, ಒಳಗೆ ಕೀವು ಆಗಿದೆಯೋ ಏನೋ ಅಂತ ಡಾಕ್ಟರನ್ನು ಕರೆಯುತ್ತೇನೆ, ಪಟ್ಟಿ ಕಟ್ಟುವ ಮೊದಲೇ.